ಒಂಟೆಯನ್ನು ಕಟ್ಟಿ, ಮತ್ತೆ ತವಕ್ಕುಲ್: ಮರದ ಕೆಲಸದ ಮಕ್ಕಳಿಗೂ ಮನೆಯವರಿಗೂ

ಒಂದು ದಿನ ಮಗ್ರಿಬ್ ಕಳೆದು ಮದ್ರಸಕ್ಕೆ ಬೀಗ ಹಾಕುತ್ತಿದ್ದೆವು. ಅಂಗಳದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಿಂತಿದ್ದ. ಸಲಾಂ ಹೇಳಿದ. ಎಡಗೈ ಅಂಗಿಯೊಳಗೆ ಅಡಗಿತ್ತು. ಏನು ವಿಷಯ ಅಂತ ಕೇಳಿದಾಗ ಮೆಲ್ಲನೆ ಕೈ ಹೊರಗೆ ತೆಗೆದ. ಬ್ಯಾಂಡೇಜು. ಎರಡು ಬೆರಳು ನಡುಗಂಟಿನಿಂದ ಆಚೆಗೆ ಇಲ್ಲ.

"ಉಸ್ತಾದ್, ವುಝೂ ಮಾಡುವಾಗ ಇಲ್ಲದ ಬೆರಳನ್ನು ಹೇಗೆ ತೊಳೆಯುವುದು?" ಅಂತ ಕೇಳಿದ.

ಮಸ್‌ಅಲ ಸುಲಭ. ಗಾಯ ಗುಣವಾದ ಮೇಲೆ ಉಳಿದಷ್ಟನ್ನು ತೊಳೆದರೆ ಸಾಕು, ಇಲ್ಲದ್ದಕ್ಕೆ ಲೆಕ್ಕ ಇಲ್ಲ ಅಂದೆವು. ಅವನು ತಲೆಯಾಡಿಸಿದ. ಆದರೆ ಅವನ ಜೊತೆ ಬಂದಿದ್ದ ಉಮ್ಮ ಕೇಳಿದ ಮಾತಿಗೆ ನಮ್ಮ ಹತ್ತಿರ ಅಷ್ಟು ಸುಲಭದ ಉತ್ತರ ಇರಲಿಲ್ಲ. "ಇದು ಅಲ್ಲಾಹನ ವಿಧಿ ಅಲ್ವಾ ಉಸ್ತಾದ್? ನಾವು ಎಂತ ಮಾಡ್ಲಿಕ್ಕೆ ಆಗ್ತಿತ್ತು?"

ವಿಧಿ ಹೌದು. ಅದರಲ್ಲಿ ನಮಗೆ ಸಂಶಯ ಇಲ್ಲ. ಆದರೆ "ನಾವು ಎಂತ ಮಾಡ್ಲಿಕ್ಕೆ ಆಗ್ತಿತ್ತು" ಎಂಬ ಪ್ರಶ್ನೆ ಆ ರಾತ್ರಿ ನಮ್ಮನ್ನು ಮಲಗಲು ಬಿಡಲಿಲ್ಲ. ಯಾಕೆಂದರೆ ನಮ್ಮ ಮದ್ರಸದಲ್ಲಿ ಮುಸ್‌ಹಫ್ ಇಡುವ ಕಪಾಟು ಮಾಡಿಕೊಟ್ಟದ್ದು ಇದೇ ಹುಡುಗ. ಅವನು ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡ್ ಸಿಕ್ಕಿಸಿ, ಗಾರ್ಡ್ ಬಿಚ್ಚಿಟ್ಟು, ಲುಂಗಿ ಎತ್ತಿ ಕಟ್ಟಿ, ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೊಯ್ಯುವುದನ್ನು ನಾವು ಪಕ್ಕದಲ್ಲೇ ನಿಂತು ನೋಡಿದ್ದೆವು. ನೋಡಿ ಹೇಳಿದ್ದು ಇಷ್ಟೆ: "ಮಾಷಾ ಅಲ್ಲಾಹ್, ಎಷ್ಟು ಬೇಗ ಆಯ್ತು!" ಅವನ ಬೆರಳು ಹೋದದ್ದು ನಮ್ಮಲ್ಲಿ ಅಲ್ಲ, ಆರು ತಿಂಗಳ ನಂತರ ಬೇರೆ ಕಡೆ. ಆದರೆ ಯಂತ್ರ ಅದೇ, ರೀತಿಯೂ ಅದೇ.

ಹಾಗಾಗಿ ಈ ವಾರ ವುಝೂವಿನ ಮಸ್‌ಅಲಕ್ಕಿಂತ ಮೊದಲು ಹೇಳಬೇಕಾಗಿದ್ದ ಮಾತುಗಳನ್ನು ಬರೆಯುತ್ತಿದ್ದೇವೆ. ನಾವು ಬಡಗಿ ಅಲ್ಲ. ಐವತ್ತು ವರ್ಷ ಮರದ ಕೆಲಸ ಮಾಡಿ ಹತ್ತೂ ಬೆರಳು ಉಳಿಸಿಕೊಂಡಿರುವ ನಮ್ಮ ಜಮಾಅತಿನ ಕಾಕ ಒಬ್ಬರ ಹತ್ತಿರ ಕೂತು ಕೇಳಿದ್ದು, ಅವರ ಜೊತೆ ಸಾಮಾನಿನ ಅಂಗಡಿಗೆ ಹೋಗಿ ಕಣ್ಣಾರೆ ನೋಡಿದ್ದು, ಓದಿ ತಿಳಿದದ್ದು, ಇಷ್ಟು ಸೇರಿದೆ.

ನಬಿಗಳ ಕಸುಬು

ಮರದ ಕೆಲಸ ಅಂದರೆ ನಮ್ಮಲ್ಲಿ ಕೆಲವರಿಗೆ ಸದರ. ಓದು ತಲೆಗೆ ಹತ್ತದ ಹುಡುಗನಿಗೆ ಅಂತ ತಿಳಿದವರಿದ್ದಾರೆ. ಝಕರಿಯ್ಯಾ ನಬಿ (ಅ.ಸ.) ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮ್‌ನ ಹದೀಸಿನಲ್ಲಿದೆ. ನೂಹ್ ನಬಿಯವರು (ಅ.ಸ.) ಅಲ್ಲಾಹನ ಆಜ್ಞೆಯಂತೆ ಹಲಗೆ ಜೋಡಿಸಿ ಹಡಗು ಕಟ್ಟಿದರು. ಮದೀನದ ಮಸೀದಿಯಲ್ಲಿ ಮುತ್ತು ನಬಿಯವರು (ಸ.ಅ.) ನಿಂತು ಖುತ್ಬಾ ಹೇಳಿದ ಮಿಂಬರ್ ಕೂಡ ಒಬ್ಬ ಬಡಗಿಯ ಕೈಯಿಂದಲೇ ಆದದ್ದು.

ಇನ್ನೊಂದು ಸಂಗತಿಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ, ಆದರೆ ಅದರ ಅರ್ಥ ಬಿಡಿಸಿ ಹೇಳುವುದಿಲ್ಲ. ದಾವೂದ್ ನಬಿಯವರಿಗೆ (ಅ.ಸ.) ಅಲ್ಲಾಹನು ಕಬ್ಬಿಣವನ್ನು ಮೆದು ಮಾಡಿಕೊಟ್ಟ ಅಂತ ಎಲ್ಲ ಮಕ್ಕಳಿಗೂ ಗೊತ್ತು. ಅದರಿಂದ ಅವರು ಮಾಡಿದ್ದು ಏನು? ಯುದ್ಧದಲ್ಲಿ ದೇಹವನ್ನು ಕಾಯುವ ಕವಚ. ಸೂರಃ ಅಂಬಿಯಾದಲ್ಲಿ ಅದನ್ನು ಅಲ್ಲಾಹನು ಕಲಿಸಿಕೊಟ್ಟ ವಿದ್ಯೆ ಎಂದು ಹೇಳಿದೆ. ಸೂರಃ ಸಬಅ್‌ನಲ್ಲಿ ಅದರ ಬಳೆಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ನಿರ್ದೇಶವೂ ಇದೆ. ಮೈ ಕಾಯುವ ಸಾಮಾನು, ಅದೂ ಅಳತೆಗೆ ಸರಿಯಾಗಿ. ಇವತ್ತಿನ ಭಾಷೆಯಲ್ಲಿ ಇದನ್ನೇ ಅಲ್ಲವೇ ಸೇಫ್ಟಿ ಅನ್ನುವುದು?

ಉಹುದ್ ಯುದ್ಧದ ದಿನ ನಬಿಯವರು (ಸ.ಅ.) ಒಂದರ ಮೇಲೊಂದು ಎರಡು ಕವಚ ತೊಟ್ಟಿದ್ದರೆಂದು ಹದೀಸಿನಲ್ಲಿದೆ. ಅವರಿಗಿಂತ ಹೆಚ್ಚು ತವಕ್ಕುಲ್ ಇದ್ದವರು ಯಾರು? ಒಂಟೆಯನ್ನು ಬಿಟ್ಟು ತವಕ್ಕುಲ್ ಮಾಡಲೇ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದು ಕಲಿಸಿದವರೂ ಅವರೇ. ಆದ್ದರಿಂದ ಕನ್ನಡಕ ಹಾಕದೆ "ಅಲ್ಲಾಹ್ ಉಂಟಲ್ಲ" ಅನ್ನುವುದು ತವಕ್ಕುಲ್ ಅಲ್ಲ, ಉದಾಸೀನ.

ಕೈ ಸಾಮಾನು: ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಹೊಸದಾಗಿ ಕೆಲಸಕ್ಕೆ ಇಳಿಯುವ ಹುಡುಗ ಮೊದಲು ಯಂತ್ರ ತೆಗೆಯುತ್ತಾನೆ. ಕಾಕ ಅದಕ್ಕೆ ಒಪ್ಪುವುದಿಲ್ಲ. "ಉಳಿ ಹಿಡಿಯಲಿಕ್ಕೆ ಬಾರದವನ ಕೈಗೆ ಮಿಷನ್ ಕೊಟ್ಟರೆ ಅದೇ ಅವನನ್ನು ಹಿಡಿಯುತ್ತದೆ" ಅನ್ನುತ್ತಾರೆ. ಅವರು ಹೇಳಿದ ಪಟ್ಟಿ ದೊಡ್ಡದಲ್ಲ: ಅಳತೆ ಟೇಪು, ಮೂಲೆಮಟ್ಟ, ಒಂದು ಕೈ ಗರಗಸ, ಕಾಲು, ಅರ್ಧ, ಮುಕ್ಕಾಲು ಮತ್ತು ಒಂದಿಂಚಿನ ಉಳಿಗಳು, ಮೊಳೆ ಕೀಳುವ ಸುತ್ತಿಗೆ, ಒಂದು ಕೀಸುಳಿ, ಸಾಣೆಕಲ್ಲು, ಸ್ಕ್ರೂ ಡ್ರೈವರ್, ಕಡಿಮೆಯೆಂದರೆ ಎರಡು ಕ್ಲ್ಯಾಂಪ್.

ಮೂಲೆಮಟ್ಟ ತೆಗೆಯುವಾಗ ಅಂಗಡಿಯಲ್ಲೇ ಒಂದು ನೇರ ಅಂಚಿನ ಹಲಗೆಗೆ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮತ್ತೆ ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದೇ ಗೆರೆಯಾದರೆ ಮಟ್ಟ ಸರಿ. ಮೇಲೆ ಹೋಗುತ್ತಾ ಕವಲಾದರೆ ಅಲ್ಲೇ ವಾಪಸ್ ಇಟ್ಟು ಬನ್ನಿ. ನೀರುಮಟ್ಟವೂ ಹಾಗೆಯೇ. ಮೇಜಿನ ಮೇಲೆ ಇಟ್ಟು ಗುಳ್ಳೆ ಎಲ್ಲಿ ನಿಂತಿತೆಂದು ನೋಡಿ, ತುದಿ ಬದಲಿಸಿ ಅದೇ ಜಾಗದಲ್ಲಿ ಇಡಿ. ಗುಳ್ಳೆ ಮೊದಲಿನ ಜಾಗದಲ್ಲೇ ನಿಲ್ಲಬೇಕು.

ಸುತ್ತಿಗೆಯ ತಲೆ ಹಿಡಿಯಲ್ಲಿ ಅಲುಗಾಡಬಾರದು. ಉಳಿಯ ಹಿಡಿ ಬಿರುಕು ಬಿಟ್ಟಿರಬಾರದು. ಕಬ್ಬಿಣದ ತಲೆ ಪೆಟ್ಟು ತಿಂದು ಅಣಬೆಯ ಹಾಗೆ ಅಗಲವಾಗಿದ್ದರೆ ಅದರ ಚೂರು ಹಾರಿ ಕಣ್ಣಿಗೆ ಹೋಗಬಹುದು. ಅಂತಹ ಅಂಚನ್ನು ಅರದಲ್ಲಿ ಉಜ್ಜಿ ತೆಗೆಯಬೇಕು.

ಇನ್ನೊಂದು ವಿಷಯ ಕೇಳಿ ನಮಗೇ ಆಶ್ಚರ್ಯ ಆಯಿತು. ಹರಿತವಾದ ಉಳಿಗಿಂತ ಮೊಂಡು ಉಳಿಯೇ ಹೆಚ್ಚು ಅಪಾಯವಂತೆ. ಮೊಂಡಾದಾಗ ಬಲ ಹಾಕಬೇಕು. ಬಲ ಹಾಕಿದಾಗ ಜಾರುತ್ತದೆ, ಜಾರಿದರೆ ಎದುರಿಗೆ ಇರುವುದು ಹಲಗೆ ಹಿಡಿದ ಇನ್ನೊಂದು ಕೈ. ಹಾಗಾಗಿ ಉಳಿಯ ಬಾಯಿಯ ಎದುರು ಕೈ ಇಡಬಾರದು, ಹಲಗೆಯನ್ನು ಕ್ಲ್ಯಾಂಪಿನಲ್ಲಿ ಬಿಗಿಯಬೇಕು, ಎರಡೂ ಕೈ ಉಳಿಯ ಹಿಂದೆ ಇರಬೇಕು. "ಕ್ಲ್ಯಾಂಪ್ ಅಂದ್ರೆ ಸಂಬಳ ಕೇಳದ ಕೈಯಾಳು" ಅಂತ ಕಾಕನ ಮಾತು.

ಗ್ರೈಂಡರಿಗೆ ಮರದ ಬ್ಲೇಡ್: ದಯವಿಟ್ಟು ಬೇಡ

ನಮ್ಮ ಹುಡುಗನ ಬೆರಳು ತೆಗೆದದ್ದು ಇದು. ನಾಲ್ಕಿಂಚಿನ ಗ್ರೈಂಡರ್ ಇರುವುದು ಕಬ್ಬಿಣ ಉಜ್ಜಲಿಕ್ಕೆ, ಕತ್ತರಿಸಲಿಕ್ಕೆ. ಅದು ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿದೆವು. ನಾಲ್ಕಿಂಚಿನ ಬ್ಲೇಡಿನ ಹಲ್ಲು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ನಾವು ಬಾಯ್ತುಂಬ ಒಮ್ಮೆ ಬಿಸ್ಮಿ ಹೇಳುವಷ್ಟರಲ್ಲಿ ಅದು ಇನ್ನೂರಕ್ಕೂ ಹೆಚ್ಚು ಸುತ್ತು ಮುಗಿಸಿರುತ್ತದೆ. ಕೈ ಹಿಂದೆಗೆಯಲು ಸಮಯ ಎಲ್ಲಿ?

ಮರದ ಬ್ಲೇಡಿನ ಹಲ್ಲು ಗಂಟಿಗೋ ಹಳೆಯ ಮೊಳೆಗೋ ತಾಗಿದರೆ, ಅಥವಾ ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದರೆ, ಯಂತ್ರ ಒಮ್ಮೆಲೇ ಹಿಂದಕ್ಕೆ ಒದೆಯುತ್ತದೆ. ಗ್ರೈಂಡರಿನಲ್ಲಿ ಅದನ್ನು ತಡೆಯುವ ತಳಹಲಗೆ ಇಲ್ಲ, ತಾನಾಗಿ ಮುಚ್ಚುವ ಗಾರ್ಡ್ ಇಲ್ಲ. ಕೆಲವದರ ಸ್ವಿಚ್ಚು ಕೈ ಬಿಟ್ಟರೂ ಆಫ್ ಆಗುವುದಿಲ್ಲ. ಹಾರಿದ ಯಂತ್ರ ಕೈಗೆ, ತೊಡೆಗೆ, ಕುತ್ತಿಗೆಗೆ ಎಲ್ಲಿಗೂ ಬೀಳಬಹುದು.

ಮರ ಕೊಯ್ಯಲಿಕ್ಕೆ ಮರದ ಸರ್ಕ್ಯುಲರ್ ಸಾ ತೆಗೆಯಿರಿ. ಅಗಲವಾದ ತಳ ಇರುವಂತಹದ್ದು, ಕೊಯ್ದು ಎತ್ತಿದ ಕೂಡಲೇ ಕೆಳಗಿನ ಗಾರ್ಡ್ ಸ್ಪ್ರಿಂಗಿನಿಂದ ತಾನೇ ಮುಚ್ಚುವಂತಹದ್ದು, ಬೆರಳು ತೆಗೆದ ಕೂಡಲೇ ಸ್ವಿಚ್ಚು ಆಫ್ ಆಗುವಂತಹದ್ದು. ಏಳೂಕಾಲು ಇಂಚಿನ ಯಂತ್ರಕ್ಕೆ ಬೆಲೆ ಹೆಚ್ಚು, ನಿಜ. ಆದರೆ ಎರಡು ಬೆರಳಿನ ಎದುರು ಅದೇನು ಹೆಚ್ಚಲ್ಲ. ಬ್ಲೇಡ್ ತೆಗೆಯುವಾಗ ಅದರ ಮೇಲೆ ಬರೆದ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಕಡಿಮೆ ಇರಬಾರದು. ಬ್ಲೇಡ್ ಬದಲಿಸುವಾಗ ಸ್ವಿಚ್ಚು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಡಿ.

ನಮ್ಮ ಊರಿನ ಮಳೆಗಾಲಕ್ಕೆ ಇನ್ನೊಂದು ಮಾತು. ವಯರಿನ ತುದಿಯನ್ನು ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ತುರುಕುವುದನ್ನು ಕೆಲಸ ನಡೆಯುವ ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಒದ್ದೆ ನೆಲ, ಬರಿಗಾಲು, 230 ವೋಲ್ಟ್. ಸರಿಯಾದ ಪ್ಲಗ್, ಅರ್ತಿಂಗ್ ಇರುವ ಬೋರ್ಡು, ಮನೆಯ ಮೀಟರಿನ ಹತ್ತಿರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಎಂದು ಕೆಲಸ ಸುರುವಾಗುವ ಮೊದಲೇ ನೋಡಿಕೊಳ್ಳಿ. ಕರೆಂಟು ಮೈಗೆ ಸೋರಿದರೆ ಕ್ಷಣದಲ್ಲಿ ಕಡಿತ ಮಾಡುವುದು ಅದೇ.

ಕಣ್ಣು, ಕಿವಿ, ಉಸಿರು

ಕಣ್ಣಿಗೆ: ದೃಷ್ಟಿಗೆ ಹಾಕುವ ಕನ್ನಡಕ ಸಾಲದು, ಬದಿಯೂ ಮುಚ್ಚುವ ಸೇಫ್ಟಿ ಕನ್ನಡಕ ಬೇಕು. ಪೊಟ್ಟಣದ ಮೇಲೆ ಐಎಸ್ 5983 ಎಂಬ ಸಂಖ್ಯೆ ಇದೆಯಾ ನೋಡಿ. ಸಾಧಾರಣದ್ದು ಒಂದು ಬಿರಿಯಾನಿಯ ದುಡ್ಡಿಗೆ ಸಿಗುತ್ತದೆ. ದೃಷ್ಟಿ ಕನ್ನಡಕ ಇರುವವರಿಗೆ ಅದರ ಮೇಲೆಯೇ ಹಾಕುವಂತಹದ್ದೂ ಉಂಟು.

ಕಿವಿಗೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇದ್ದರೆ ಕಾಲಕ್ರಮದಲ್ಲಿ ಕಿವಿ ಕೆಡಬಹುದು. ಪ್ಲೇನರ್, ಸಾ ಇವುಗಳ ಸದ್ದು 100ರ ಹತ್ತಿರ ಹೋಗುತ್ತದೆ. ಕೈ ಅಳತೆಯಲ್ಲಿ ನಿಂತವನ ಜೊತೆ ಬೊಬ್ಬೆ ಹಾಕಿ ಮಾತಾಡಬೇಕಾದರೆ ಅದು ಅಪಾಯದ ಸದ್ದು ಎಂದು ತಿಳಿಯಿರಿ. ಸ್ಪಂಜಿನ ಇಯರ್ ಪ್ಲಗ್ ಚಿಲ್ಲರೆ ದುಡ್ಡಿಗೆ ಬರುತ್ತದೆ. ಅದನ್ನು ಹೊಸೆದು ಸಣ್ಣ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಉಬ್ಬುವವರೆಗೆ ಹಿಡಿಯಬೇಕು. ಬಾಂಗ್ ಕೇಳಿಸದೆ ಪಕ್ಕದವರು ಏಳುವುದನ್ನು ನೋಡಿ ಏಳುವ ಹಿರಿಯ ಮೇಸ್ತ್ರಿಗಳು ನಮ್ಮ ಸಫ್‌ನಲ್ಲೇ ಇದ್ದಾರೆ. ಹೋದ ಕಿವಿ ಮರಳಿ ಬರುವುದಿಲ್ಲ.

ಉಸಿರಿಗೆ: ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಹೇಳಿದೆ. ಮುಖ್ಯವಾಗಿ ಮೂಗಿನೊಳಗಿನ ಕ್ಯಾನ್ಸರ್. ಬೀಟೆ, ತೇಗದ ಧೂಳಿಗೆ ಕೆಲವರಿಗೆ ಚರ್ಮ ತುರಿಸುತ್ತದೆ, ದಮ್ಮು ಬರುತ್ತದೆ. ಪ್ಲೈವುಡ್, ಎಂಡಿಎಫ್‌ಗಳಲ್ಲಿ ಅಂಟಿನ ರಾಸಾಯನಿಕವೂ ಇರುತ್ತದೆ. ಮುಖಕ್ಕೆ ಸುತ್ತಿದ ಬೈರಾಸಿನಿಂದ ಸಣ್ಣ ಧೂಳು ನಿಲ್ಲುವುದಿಲ್ಲ. ಐಎಸ್ 9473 ಎಂದು ಬರೆದ ಎಫ್‌ಎಫ್‌ಪಿ 2 ಮಾಸ್ಕ್, ಅಥವಾ ಎನ್ 95 ಬೇಕು.

ಇಲ್ಲಿ ನಮ್ಮವರಿಗೇ ಹೇಳಬೇಕಾದ ಒಂದು ಸಂಗತಿ ಉಂಟು. ಇಂತಹ ಮಾಸ್ಕ್ ಕೆಲಸ ಮಾಡುವುದು ಚರ್ಮಕ್ಕೆ ಅಂಟಿ ಕೂತರೆ ಮಾತ್ರ. ಗಡ್ಡ ಇದ್ದರೆ ಬದಿಯಿಂದ ಗಾಳಿ ಸೋರುತ್ತದೆ. ಗಡ್ಡ ಸುನ್ನತ್, ಅದನ್ನು ತೆಗೆಯಿರಿ ಎಂದು ನಾವು ಹೇಳುವುದಿಲ್ಲ. ಆದರೆ ಗಡ್ಡ ಇರುವವರು ಮಾಸ್ಕ್ ಒಂದನ್ನೇ ನಂಬಿ ಕೂರಬಾರದು. ಆದಷ್ಟು ಅಂಗಳದಲ್ಲಿ, ಗಾಳಿ ಬೆನ್ನಿಂದ ಬರುವ ಹಾಗೆ ನಿಂತು ಕೊಯ್ಯಿರಿ. ಯಂತ್ರದ ಧೂಳಿನ ಬಾಯಿಗೆ ವ್ಯಾಕ್ಯೂಮ್ ಪೈಪು ಸಿಕ್ಕಿಸಿ. ನೆಲದ ಹುಡಿಯನ್ನು ಒಣ ಹಿಡಿಸೂಡಿಯಲ್ಲಿ ಎಬ್ಬಿಸದೆ ನೀರು ಚಿಮುಕಿಸಿ ಗುಡಿಸಿ. ಉಸಿರಿನ ಗಾಳಿಯನ್ನು ಯಂತ್ರವೇ ಸೋಸಿ ಕೊಡುವ, ಮುಖಕ್ಕೆ ಅಂಟಬೇಕಿಲ್ಲದ ಹುಡ್ ಕೂಡ ಉಂಟು. ಅದು ದುಬಾರಿ, ಆದರೆ ವರ್ಕ್‌ಶಾಪ್ ಇಟ್ಟವರು ಆಲೋಚಿಸಬಹುದು.

ಗ್ಲೌಸ್ ಎಲ್ಲಿ ಬೇಕು, ಎಲ್ಲಿ ಬೇಡ

ಗ್ಲೌಸ್ ಹಾಕಿದರೆ ಎಲ್ಲದಕ್ಕೂ ಒಳ್ಳೆಯದು ಅಂತ ನಾವೂ ತಿಳಿದಿದ್ದೆವು. ತಪ್ಪು. ತಿರುಗುವ ಡ್ರಿಲ್, ಟೇಬಲ್ ಸಾ, ರೌಟರಿನ ಹತ್ತಿರ ಗ್ಲೌಸ್ ಹಾಕಿದರೆ ಅದರ ಬಟ್ಟೆ ಸಿಕ್ಕಿಕೊಂಡು ಕೈಯನ್ನೇ ಒಳಗೆ ಎಳೆಯುತ್ತದೆ. ಉದ್ದ ತೋಳಿನ ಸಡಿಲ ಅಂಗಿ, ಇಳಿಬಿಟ್ಟ ಲುಂಗಿ, ಕುತ್ತಿಗೆಯ ಬೈರಾಸು ಎಲ್ಲ ಹಾಗೆಯೇ. ಪ್ಯಾಂಟು, ತೋಳು ಮಡಚಿದ ಅಂಗಿ ಹಾಕಿ. ವಾಚು, ಉಂಗುರ ತೆಗೆದಿಡಿ.

ಸೀಳು ಇರುವ ಮರ ಹೊರುವಾಗ, ಪ್ಲೈವುಡ್ ಇಳಿಸುವಾಗ ಗ್ಲೌಸ್ ಬೇಕು. ಎಂಟಡಿ ನಾಲ್ಕಡಿಯ 19 ಎಂಎಂ ಪ್ಲೈವುಡ್ ಹಲಗೆ 30 ಕಿಲೋಗೂ ಹೆಚ್ಚು ತೂಗುತ್ತದೆ. ಅದು ಹವಾಯಿ ಚಪ್ಪಲಿಯ ಮೇಲೆ ಬಿದ್ದರೆ ಏನಾದೀತು? ಬೆರಳಿನ ಮುಂದೆ ಗಟ್ಟಿ ಟೊಪ್ಪಿ ಇರುವ ಸೇಫ್ಟಿ ಶೂ ಹಾಕಿ.

ಅಂಟು, ಪಾಲಿಶ್ ಹಚ್ಚುವಾಗ ತೆಳುವಾದ ರಬ್ಬರ್ ಗ್ಲೌಸ್ ಹಾಕಿದರೆ ಎರಡು ಲಾಭ. ಚರ್ಮಕ್ಕೂ ಒಳ್ಳೆಯದು, ವುಝೂವಿಗೂ ಸುಲಭ. ಒಣಗಿದ ಅಂಟು, ವಾರ್ನಿಶ್ ಉಗುರಿನ ಮೇಲೆ ಪದರ ಕಟ್ಟಿದರೆ ನೀರು ತಲುಪುವುದಿಲ್ಲ, ಅದನ್ನು ತೆಗೆದೇ ವುಝೂ ಮಾಡಬೇಕು. ದಿನಾ ಥಿನ್ನರಿನಲ್ಲಿ ಕೈ ತೊಳೆದು ಚರ್ಮ ಸುಲಿಸಿಕೊಳ್ಳುವ ಬದಲು ಮೊದಲೇ ಗ್ಲೌಸ್ ಹಾಕುವುದು ಬುದ್ಧಿ.

ನೋಂಬಿನ ತಿಂಗಳಲ್ಲಿ ಕೇಳುವ ಪ್ರಶ್ನೆಯೂ ಉಂಟು. ಕೆಲಸ ಮಾಡುವಾಗ ತನ್ನಿಂತಾನೇ ಗಂಟಲಿಗೆ ಹೋಗುವ ಧೂಳಿನಿಂದ ನೋಂಬು ಮುರಿಯುವುದಿಲ್ಲ. ದಾರಿಯ ಧೂಳು, ಹಿಟ್ಟು ಜರಡಿ ಹಿಡಿಯುವಾಗಿನ ಧೂಳಿನ ಬಗ್ಗೆ ನಮ್ಮ ಶಾಫಿಈ ಕಿತಾಬುಗಳಲ್ಲಿ ಇರುವ ಹುಕುಮೇ ಇದಕ್ಕೂ. ಆದರೆ ಅಸರ್ ಹೊತ್ತಿಗೆ ಮೈ ಸೋತಿರುತ್ತದೆ, ಕಣ್ಣು ಎಳೆಯುತ್ತದೆ. ಯಂತ್ರದಲ್ಲಿ ಕೊಯ್ಯುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ. ಉಜ್ಜುವುದು, ಅಳೆಯುವುದು ಸಂಜೆಗೆ ಇರಲಿ.

ಬೆರಳು ತುಂಡಾದರೆ

ಅಲ್ಲಾಹ್ ಕಾಪಾಡಲಿ. ಆದರೂ ತಿಳಿದಿರಬೇಕು. ಮೊದಲು ಯಂತ್ರದ ಪ್ಲಗ್ ಕೀಳಿ. ಗಾಯಕ್ಕೆ ಸ್ವಚ್ಛ ಬಟ್ಟೆ ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. ಕಾಫಿ ಹುಡಿ, ಅರಶಿನ ಹಾಕಬೇಡಿ. ತುಂಡಾದ ಬೆರಳನ್ನು ಹುಡುಕಿ, ಸ್ವಚ್ಛವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ನೀರು ಹೋಗದ ಹಾಗೆ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಿ. ಬೆರಳು ನೇರ ಮಂಜುಗಡ್ಡೆಗೆ ತಾಗಬಾರದು, ತಾಗಿದರೆ ಕೆಡುತ್ತದೆ. 108ಕ್ಕೆ ಫೋನ್ ಮಾಡಿ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಎಷ್ಟು ಬೇಗ ತಲುಪುತ್ತೀರೋ ಮರುಜೋಡಣೆಯ ಸಾಧ್ಯತೆ ಅಷ್ಟು ಹೆಚ್ಚು. ನಮ್ಮ ಹುಡುಗನ ಬೆರಳನ್ನು ಜೊತೆಗಿದ್ದವರು ಗಾಬರಿಯಲ್ಲಿ ಮರದ ಹುಡಿಯಲ್ಲೇ ಬಿಟ್ಟು ಹೋಗಿದ್ದರು. ಮತ್ತೆ ಬಂದು ಹುಡುಕಿ ತರುವಾಗ ಹೊತ್ತು ಮೀರಿತ್ತು.

ದುಡ್ಡಿನ ದಾರಿ

ಸಾಮಾನಿಗೆ ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ: 2023ರ ಸೆಪ್ಟೆಂಬರ್ 17ರಂದು ಸುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. 18 ವರ್ಷ ತುಂಬಿದ, ಸ್ವಂತ ಕೈಕಸುಬಿನವರಿಗೆ, ಒಂದು ಕುಟುಂಬದಲ್ಲಿ ಒಬ್ಬರಿಗೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಾಮಾನಿಗೆ 15 ಸಾವಿರ ರೂಪಾಯಿವರೆಗೆ ನೆರವು. ಕಾಮನ್ ಸರ್ವಿಸ್ ಸೆಂಟರಿನಲ್ಲಿ ಅರ್ಜಿ. ಇದರಲ್ಲಿ ಬಡ್ಡಿಯ ಸಾಲವೂ ಉಂಟು ಅಂತ ನಮ್ಮವರು ಹಿಂಜರಿಯುವುದು ಕೇಳಿದ್ದೇವೆ. ಸಾಲ ಬೇರೆ, ತರಬೇತಿ ಮತ್ತು ಸಾಮಾನಿನ ನೆರವು ಬೇರೆ. ಸಾಲ ತೆಗೆಯಲೇಬೇಕೆಂದಿಲ್ಲ.

ಹಾಗೆಯೇ ಕಟ್ಟಡಗಳಲ್ಲಿ ಮರದ ಕೆಲಸ ಮಾಡುವ 18ರಿಂದ 60 ವರ್ಷದವರು, ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ, ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದಾಗ ನೆರವು ಕೇಳಲು ಆ ಕಾರ್ಡು ಮೊದಲೇ ಕೈಯಲ್ಲಿರಬೇಕು. ನಮ್ಮ ಹುಡುಗನಿಗೆ ಇರಲಿಲ್ಲ.

ಕೆಲಸ ಕೊಡುವ ನಾವು

ಗಲ್ಫಿನಲ್ಲಿ ಕೆಲಸ ಮಾಡಿ ಬಂದವರನ್ನು ಕೇಳಿ ನೋಡಿ. ಅಲ್ಲಿ ಕನ್ನಡಕ, ಶೂ ಇಲ್ಲದೆ ಸೈಟಿನ ಗೇಟು ದಾಟಲು ಬಿಡುತ್ತಿರಲಿಲ್ಲ ಅನ್ನುತ್ತಾರೆ. ಅದೇ ವ್ಯಕ್ತಿ ಊರಿಗೆ ಬಂದ ಮೇಲೆ ಬರಿಗಾಲಲ್ಲಿ ಗ್ರೈಂಡರ್ ಹಿಡಿಯುತ್ತಾನೆ. ಅಲ್ಲಿ ಕೇಳುವವರು ಇದ್ದರು, ಇಲ್ಲಿ ಇಲ್ಲ. ಕೇಳಬೇಕಾದವರು ನಾವು. ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಮಿಂಬರಿನಲ್ಲಿ ಹೇಳುತ್ತೇವೆ. ಅವನ ರಕ್ತ ಸುರಿಯದ ಹಾಗೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಹಕ್ಕಲ್ಲವೇ?

ಮನೆ ಕಟ್ಟಿಸುವವರು, ಮಸೀದಿ, ಮದ್ರಸದ ಕಮಿಟಿಯವರು ರೇಟು ಮಾತಾಡುವಾಗಲೇ ಕೇಳಿ: ಗಾರ್ಡ್ ಉಂಟಾ? ಕನ್ನಡಕ ಉಂಟಾ? ಇಲ್ಲದಿದ್ದರೆ ಒಂದು ಜೊತೆ ನೀವೇ ತೆಗೆದುಕೊಡಿ. "ಪೆರ್ನಾಲಿಗೆ ಮೊದಲು ಮುಗಿಯಲೇಬೇಕು" ಅಂತ ಅವಸರ ಮಾಡಬೇಡಿ. ಹದಿನೆಂಟು ತುಂಬದ ಹುಡುಗನನ್ನು ಯಂತ್ರದ ಹತ್ತಿರ ಬಿಡಬೇಡಿ. ಉಮ್ಮಂದಿರೇ, ಮಗ ಬೆಳಿಗ್ಗೆ ಹೊರಡುವಾಗ ಊಟದ ಬುತ್ತಿಯ ಜೊತೆ ಕನ್ನಡಕವೂ ಚೀಲದಲ್ಲಿ ಉಂಟಾ ಅಂತ ಒಮ್ಮೆ ನೋಡಿ.

ಆ ಹುಡುಗ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ, ಅಲ್‌ಹಂದುಲಿಲ್ಲಾಹ್. ಕಳೆದ ತಿಂಗಳು ಮದ್ರಸದ ಬೆಂಚು ಸರಿ ಮಾಡಲು ಕರೆದೆವು. ಕ್ಲ್ಯಾಂಪ್ ಹಾಕಿ, ಕನ್ನಡಕ ಇಟ್ಟು, ನಿಧಾನಕ್ಕೆ ಕೊಯ್ದ. ಎರಡು ದಿನ ಹಿಡಿಯಿತು. ಮೊದಲಿನ ಅವನಾಗಿದ್ದರೆ ಅರ್ಧ ದಿನದ ಕೆಲಸ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಈ ಸಲ ನಾವು ಬೇಗ ಮಾಡು ಅನ್ನಲಿಲ್ಲ.